ಮೊಣಕಾಲಿನಿಂದ ಕತ್ತಿನವರೆಗೆ

ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆ ಹಿಂದಿನ ಓಣಿಯಲ್ಲಿ
ಇಲಿಯಾಸನ ಗಾಜಿನಂಗಡಿ.
ಒಳಗೆ ಕಾಲಿಟ್ಟರೆ ನಾನೇ ಏಳೆಂಟು ಮಂದಿ,
ಎಲ್ಲರ ಕೈಯೂ ಬಿಸಿನೀರಲ್ಲಿ ಬೆಂದು ಬಿಳಿಚಿದ್ದು.
'ಎಂಟು ಎಂಎಂ ಸಾಕಕ್ಕ, ಹತ್ತು ಬೇಡ,
ನಿಮ್ಮ ಗೋಡೆ ಹಳೇದು, ಭಾರ ತಡೆಯೊಲ್ಲ.
ಟಫನ್ ಮಾಡಿದ್ದೇ ತಗೊಳ್ಳಿ. ಒಡೆದರೂ
ಕಲ್ಲುಸಕ್ಕರೆ ಹರಳಿನ ಹಾಗೆ ಉದುರುತ್ತೆ, ಸೀಳೊಲ್ಲ.'
ಒಡೆಯುವ ಮಾತನ್ನು ಇಷ್ಟು ಸಿಹಿಯಾಗಿ
ಯಾರೂ ನನಗೆ ಹೇಳಿರಲಿಲ್ಲ.

ಗಾಜು ಬೇಕಾದದ್ದು ಷೋಕಿಗಲ್ಲ.
ಆಷಾಢದ ಒಂದು ಬೆಳಿಗ್ಗೆ
ಅತ್ತೆ ಮುನಿಲಕ್ಷ್ಮಮ್ಮ ಚಿಲಕ ಹಾಕಿಕೊಂಡು ಬಿದ್ದರು.
ಬಕೆಟ್ಟು ಉರುಳಿದ ಸದ್ದು ಅಂದುಕೊಂಡು
ನಾನು ಇನ್ನೂ ಹತ್ತು ಗೂಡಿನ ಎಳೆ ಹಿಡಿದೆ.
ಆಮೇಲೆ ಬೈರೇಶ ಹಾರೆಯಲ್ಲಿ ಬಾಗಿಲು ಮೀಟಿದ.
ಆ ಹತ್ತು ಗೂಡಿನ ನೂಲು
ಈಗ ಯಾರ ಸೀರೆಯಲ್ಲಿದೆಯೋ.

ಬಚ್ಚಲ ಬಾಗಿಲಿಗೆ ಇನ್ನು ಚಿಲಕ ಬೇಡ,
ಅರ್ಧ ತೆರೆದೇ ಇರಲಿ, ನನ್ನ ಒಲೆಯ ಎದುರಿಗೆ,
ಒಳಗೆ ಷವರಿನ ಮೂಲೆಗೆ ಒಂದು ಗಾಜು.
ಬೈರೇಶ ಅಂದ: ಪೂರ್ತಿ ತಿಳಿಗಾಜು.
ಅತ್ತೆ ತಟ್ಟೆ ದೂಡಿದರು:
'ಕಟ್ಟಿಕೊಂಡವನೂ ಬೆಳಕಲ್ಲಿ ನೋಡದ ಮೈ ಇದು.'
ಪೂರ್ತಿ ಮಂಜುಗಾಜಾದರೆ
ಗೋಡೆಯೇ ಸಾಕಿತ್ತಲ್ಲ.

ಇಲಿಯಾಸ್ ಮನೆಗೇ ಬಂದ, ಕಿವಿಯಲ್ಲಿ ಪೆನ್ಸಿಲ್ಲು.
ಸೀರೆಯುಟ್ಟ ಅತ್ತೆಯನ್ನು ಸ್ಟೂಲಿನ ಮೇಲೆ ಕೂರಿಸಿ
ಮುಖ ಆಚೆ ತಿರುಗಿಸಿಕೊಂಡೇ ಟೇಪು ಹಿಡಿದ;
ಅಂಕೆ ಓದಿದವಳು ನಾನು.
ಹದಿನೇಳು ಇಂಚಿನಿಂದ ಮೂವತ್ತೆಂಟು:
ಅಷ್ಟಕ್ಕೆ ಮಂಜು.
ಕೆಳಗೆ ಪಾದ ಕಾಣಬೇಕು, ಮೇಲೆ ತಲೆ.
ಎದ್ದು ನಿಂತರೆ ನಾನು ಬೆನ್ನು ಹಾಕಬೇಕು.
ನಿಂತಿದ್ದಾರೆ ಅಂದರೆ ಚೆನ್ನಾಗಿದ್ದಾರೆ ಅಂತಲೇ ಅರ್ಥ.

ಒಪ್ಪಂದ ಎಲ್ಲರಿಗೂ ಗೊತ್ತು, ನೀರಿಗೆ ಗೊತ್ತಿಲ್ಲ.
ಸಾವಿರದ ನಾನೂರು ಅಡಿಯಿಂದ ಏರಿ ಬರುವಾಗ
ಯಾವ ಬಂಡೆಯ ಸುಣ್ಣ ನೆಕ್ಕಿ ಬರುತ್ತದೋ.
ಮೊದಲ ವಾರ ಸಾಸಿವೆಯಷ್ಟು ಚುಕ್ಕಿ,
ಎರಡನೇ ವಾರ ಗಾಜಿಗೆ ಸಿಡುಬು.
ಬಿಟ್ಟರೆ ತಿಂಗಳೊಳಗೆ
ತಲೆಗೂ ಪಾದಕ್ಕೂ ತಾನೇ ಮಂಜು ಬಳಿದು
ಗೋಡೆ ಎಬ್ಬಿಸುತ್ತದೆ.

ಪಕ್ಕದ ಮನೆಯವಳು ಆಸಿಡ್ ಅಂದಳು.
ಹಿಂಜಿನ ಉಕ್ಕು ತಿಂದುಹಾಕುತ್ತೆ, ಬೇಡ ಅಂದ ಇಲಿಯಾಸ್.
ಅರ್ಧ ವಿನೆಗರ್, ಅರ್ಧ ನೀರು, ಹಳೇ ಪಂಚೆ ತುಂಡು;
ಸಿಲಿಕಾನಿನ ಅಂಚಿಗೆ ಕಪ್ಪು ಕೂತರೆ
ಕೂದಲು ಉದುರಿದ ಟೂತ್‌ಬ್ರಷ್ಷು.
ಸ್ನಾನವಾದ ಕೂಡಲೇ ವೈಪರು ಎಳೆಯಬೇಕು
ಮೇಲಿಂದ ಕೆಳಕ್ಕೆ, ಒಂದೇ ಎಳೆತ, ನಡುವೆ ನಿಲ್ಲಬಾರದು.
ನಿಂತಲ್ಲಿ ಗೆರೆ ಉಳಿಯುತ್ತದೆ.
ಎಳೆ ಕಡಿಯದೆ ಎಳೆಯುವುದು ನನಗೆ ಹೊಸದೇನಲ್ಲ.

ಬೈರೇಶ ಹರಾಜಿಗೆ ಹೋದ ಮೇಲೆ ಅವರ ಸ್ನಾನ.
ಚರಕ ತಿರುಗುತ್ತಿರುತ್ತದೆ, ನಾನು ಕತ್ತು ಚಾಚುತ್ತೇನೆ:
ಎರಡು ಪಾದ, ಒಂದು ತಲೆ. ಸರಿ.
ನಡುವಿನದು ಮೋಡ.
ಮೋಡದೊಳಗೆ ಒಂದು ಕೈ ಬೆನ್ನಿಗೆ ಎಟುಕದೆ
ಮತ್ತೆ ಮತ್ತೆ ಪ್ರಯತ್ನಿಸುತ್ತದೆ. ಕರೆಯುವುದಿಲ್ಲ.
ನಾನೂ ಹೋಗುವುದಿಲ್ಲ.

ಕಳೆದ ವಾರ ಗೂಡು ಹೆಚ್ಚು ಬಂತು.
ನಾಲ್ಕು ದಿನ ಗಾಜು ಮುಟ್ಟಲಾಗಲಿಲ್ಲ.
ಐದನೇ ದಿನ ಪಂಚೆ ತುಂಡು ಹಿಡಿದು ಹೋದರೆ
ನಲವತ್ತು ಇಂಚಿನ ಎತ್ತರಕ್ಕೆ, ಒಳಗಡೆಯಿಂದ,
ರಾಗಿರೊಟ್ಟಿಯ ಚೂರಿನಷ್ಟು ಜಾಗ
ಯಾರೋ ಉಗುರಲ್ಲಿ ಕೆರೆದು ಬೆರಳಲ್ಲಿ ಉಜ್ಜಿದ್ದಾರೆ.
ಬಗ್ಗಿ ಕಣ್ಣಿಟ್ಟೆ.
ನನ್ನ ಒಲೆ, ನನ್ನ ಬಾಣಲೆ, ನಾನು ಕೂರುವ ಮಣೆ.

ಕಾಫಿ ಕೊಡುವಾಗ ಅತ್ತೆ ಲೋಟ ನೋಡುತ್ತಲೇ ಅಂದರು:
'ಬೆಳಿಗ್ಗೆ ಎರಡು ಸಲ ಕಣ್ಣೊರೆಸಿಕೊಂಡೆಯಲ್ಲ. ಹೊಗೆಯಾ?'

ಹೊಗೆ, ಅಂದೆ.

ವಿನೆಗರ್ ಮುಗಿದಿದೆ, ತರಿಸಬೇಕು.