ರೆಕ್ಕೆಯ ತಳ

ನಲವತ್ತು ವರ್ಷ ಲಾರಿ ಬರೆದವನು ನಾನು.
ಪಿ.ಬಿ. ರಸ್ತೆಯ ಗ್ಯಾರೇಜು ಸಾಲಿನಲ್ಲಿ,
ಆಯಿಲ್ ಕುಡಿದ ಮಣ್ಣಿಗೆ ಚಪ್ಪಲಿ ಅಂಟುವ ಕಡೆ
ಕುಕ್ಕರಗಾಲಲ್ಲಿ ಕೂತು
ಹಿಂದೆ ಬರುವವರಿಗಾಗಿ ಬರೆದೆ:
ಹಾರ್ನ್ ಮಾಡಿ. ಅಂತರವಿರಲಿ. ತಾಯಿಯ ಆಶೀರ್ವಾದ.
ಕೈ ತಪ್ಪಿದಲ್ಲಿ ಒಂದು ಗಿಳಿ ಕೂರಿಸಿದೆ.
ನನ್ನ ಗಿಳಿಗಳು ನಾಗಪುರದವರೆಗೂ ಹೋಗಿವೆ,
ನಾನು ಹರಿಹರ ದಾಟಿದ್ದೇ ಕಡಿಮೆ.

ಅಂಥ ಅಂಗಡಿಗೆ ಒಂದು ವಿಮಾನ ಬಂತು,
ಸ್ಕೂಟಿಯ ಮೇಲೆ, ಹಳೇ ದುಪಟ್ಟಾ ಸುತ್ತಿಕೊಂಡು.
ಕೊಟ್ರಯ್ಯನವರ ಮಗಳು ದಾಕ್ಷಾಯಿಣಿ,
ಇಂಜಿನಿಯರಿಂಗ್ ಮೂರನೇ ವರ್ಷ,
ಹಸುಗೂಸಿನ ಕತ್ತಿಗೆ ಕೈಕೊಟ್ಟಂತೆ ಹಿಡಿದಿದ್ದಳು.
ಬಾಲ್ಸಾ ಕಟ್ಟಿಗೆಯ ಎಲುಬು, ಮೇಲೆ ಬಿಗಿದ ತೆಳು ಹಾಳೆ.
ಬೆರಳಲ್ಲಿ ತಟ್ಟಿದೆ,
ಎಲ್ಲೋ ದೂರದ ಊರಿನ ತಮಟೆ.

"ಗಿಳಿ ಬ್ಯಾಡ ಚಾಚಾ" ಅಂದಳು ಮೊದಲೇ.
"ಹೂವೂ ಬ್ಯಾಡ.
ಬಣ್ಣ ಆರು ಗ್ರಾಂ ಮೀರಬಾರದು."

ಆರು ಗ್ರಾಂ!
ಒಂದು ಶ್ರೀಕಾರದ ಕೊಂಬಿಗೇ
ಅಷ್ಟು ಸುರಿದವನು ನಾನು.
ಬಣ್ಣ ಅಂದರೆ ಡಬ್ಬಿಯಲ್ಲಿ ಲೀಟರು, ಲಾರಿಯ ಮೇಲೆ ಚದರಡಿ.
ಅದಕ್ಕೂ ಭಾರ ಉಂಟೆಂದು
ಯಾವ ಡ್ರೈವರನೂ ಹೇಳಿರಲಿಲ್ಲ.

ಮೇಲ್ಮೈಗೆ ಹಳದಿ. ಫ್ಯಾನು ಆರಿಸಿ, ಉಸಿರು ಹಿಡಿದು,
ಬಟ್ಟೆಯಂಗಡಿಯವರು ಧೂಳು ಕೊಡಹುವಷ್ಟೇ ಹಗುರಕ್ಕೆ.
ಬಾಲದ ನಂಬರಿಗೆ ಅವಳೇ ಅಚ್ಚಿನ ಹಾಳೆ ತಂದಿದ್ದಳು:
ಬಟ್ಟಲ ನೀರಲ್ಲಿ ನೆನೆಸಿ
ಹಾಲಿನ ಕೆನೆ ಸರಿಸಿದಂತೆ ಜಾರಿಸಬೇಕು.
ಎಂಟರ ಹೊಟ್ಟೆಯಲ್ಲಿ ಒಂದು ಗುಳ್ಳೆ ಉಳಿಯಿತು.
ಸೂಜಿ ಚುಚ್ಚಿ, ಒದ್ದೆ ಕುಂಚದಿಂದ ಸವರಿದೆ.
ಎಂಟು ಉಸಿರುಬಿಟ್ಟು ಮಲಗಿತು.

ಆಮೇಲೆ ರೆಕ್ಕೆಯ ತಳ.
"ಕಪ್ಪು ಪಟ್ಟೆ. ಬಲಕ್ಕೆ ಮೂರು, ಎಡಕ್ಕೆ ಒಂದೇ."
ಜೋಡಿ ತಪ್ಪುತ್ತೆ ಮಗಳೇ, ಅಂದೆ.
"ತಪ್ಪಲಿ. ಮೇಲೆ ಹೋದ್ಮೇಲೆ ಅದು ಬರೀ ಗೀಟು ಚಾಚಾ.
ಬರ್ತೈತೋ ಹೋಗ್ತೈತೋ ಮಗುಚೈತೋ
ಒಂದೂ ತಿಳಿಯಲ್ಲ.
ಹೋದ್ಸಲ ಎಡ ಅಂತ ಬಲಕ್ಕೆ ತಿರುಗಿಸಿ
ಜಾಲಿಮರಕ್ಕೆ ಕೊಟ್ಟೆ."

ಟೇಪು ಕಿತ್ತೆ. ಅಂಚು ಬ್ಲೇಡಿನಂತೆ ಬಂದಿತ್ತು.
ತೂಕದ ಯಂತ್ರ ಐದೂ ಮುಕ್ಕಾಲು ಅಂತು.
ಅವಳು ನೀರು ಕುಡಿಯಲು ಹೋದಾಗ
ಬ್ಯಾಟರಿ ಕೂರುವ ಗೂಡಿನೊಳಗೆ
ಪೆನ್ಸಿಲಿನಲ್ಲಿ ಬರೆದೆ: ರಜಾಕ್, ದಾವಣಗೆರೆ.
ಮತ್ತೆ ತೂಗಿದೆ.
ಮುಳ್ಳಿಲ್ಲದ ಆ ತಕ್ಕಡಿಗೆ
ನನ್ನ ಹೆಸರು ಗೊತ್ತೇ ಆಗಲಿಲ್ಲ.

ಭಾನುವಾರ ಬೆಳಿಗ್ಗೆ, ಕುಂದವಾಡ ಕೆರೆ ಏರಿ.
ಜೇನಿನಂತೆ ಮೊರೆದು ಎದ್ದದ್ದು
ನೀರಿನ ಮೇಲೆ ಬೆಳ್ಳಗಾಗಿ, ಸಣ್ಣಗಾಗಿ,
ಕೊನೆಗೆ ಕಣ್ಣಿನ ಕಸವಾಯಿತು.
ಅವಳ ಮುಖಕ್ಕೆ ನೇರ ಬಿಸಿಲು.
"ಚಾಚಾ, ಯಾವ ಕಡೆ ಐತಿ? ಬೇಗ!"

ಪೊರೆ ತೆಗೆಸಿದ ನನ್ನ ಒಂದು ಕಣ್ಣಿಗೆ
ಆಕಾಶದ ಮಸುಕಿನಲ್ಲಿ ಏನೋ ವಾಲಿತು.
ಕಪ್ಪು. ಕಪ್ಪು. ಕಪ್ಪು.
"ಮೂರು ನಮ್ಮ ಎಡಕ್ಕೆ!" ಕೂಗಿದೆ,
"ನಮ್ಮ ಕಡೆಗೇ ಬರ್ತೈತಿ!"

ಅವಳ ಹೆಬ್ಬೆರಳು ಅಷ್ಟನ್ನೇ ನಂಬಿ ಹೊರಳಿತು.
ನಾನು ಬರೆದದ್ದನ್ನು
ಇಷ್ಟು ಅವಸರದಲ್ಲಿ ಯಾರೂ ಓದಿರಲಿಲ್ಲ.

ಇಳಿದಾಗ ಮೆಕ್ಕೆಜೋಳದ ಕೂಳೆ ತಾಗಿ
ಒಂದು ಪಟ್ಟೆ ಕೆರೆದುಹೋಗಿತ್ತು.
ಎಷ್ಟು ಗ್ರಾಂ ಹೋಯ್ತು, ಕೇಳಿದೆ.
ಅವಳು ಕೇಳಿಸಿಕೊಳ್ಳಲಿಲ್ಲ,
ಗೂಡಿನ ಮುಚ್ಚಳ ತೆರೆದು
ಒಳಗೇನನ್ನೋ ಓದುತ್ತಿದ್ದಳು.