ಮೊಲಕ್ಕೆ ಮೂರೇ ಕಾಲು

ನನ್ನ ಕಸುಬಿಗೆ ದೇಶ ದೇಶದಲ್ಲೂ ಒಂದೇ ಹೆಸರು: ಮೊಲ.
ಎದೆಯ ಚೀಟಿಯಲ್ಲಿ ಅಂಕಿಯಿಲ್ಲ, ‘ಗತಿ’ ಎಂದಷ್ಟೇ.
ಕಿಲೋಮೀಟರಿಗೆ ಎರಡು ನಿಮಿಷ ಐವತ್ತೈದು ಸೆಕೆಂಡು,
ಚೂರು ಹೆಚ್ಚಿಲ್ಲ, ಚೂರು ಕಮ್ಮಿಯಿಲ್ಲ,
ಹಾಲು ಅಳೆಯುವವನ ಹಾಗೆ
ಮೂವತ್ತನೇ ಕಲ್ಲಿನವರೆಗೆ ಅಳೆದುಕೊಟ್ಟು
ಪಕ್ಕಕ್ಕೆ ಸರಿಯಬೇಕು.
ಮುಕ್ಕಾಲು ದಾರಿ. ಮೊಲಕ್ಕೆ ಮೂರೇ ಕಾಲು.
ನಾಲ್ಕನೆಯದು ಹೇಗಿರುತ್ತದೋ
ಹನ್ನೊಂದು ವರ್ಷವಾದರೂ ನನಗೆ ಗೊತ್ತಿಲ್ಲ.

ಇವತ್ತು ಚಾಂಪಿಯನ್‌ಶಿಪ್ಪಿನ ಮ್ಯಾರಥಾನು.
ಅಲ್ಲಿ ಮೊಲಗಳಿಗೆ ಕೆಲಸವಿಲ್ಲ.
ಹಾಗಾಗಿ ಕಪ್ಸೊವಾರಿನಲ್ಲಿ, ಜೆರೊಬೊನಳ ಚಹದಂಗಡಿಯಲ್ಲಿ
ಮಂದಾಜಿ ಮುರಿಯುತ್ತ ಟೀವಿ ನೋಡುತ್ತಿದ್ದೇನೆ.
ಯಾವುದೋ ಬಿಸಿಲೂರು. ಡಾಂಬರು ಮಿರಮಿರ.
ಎಪ್ಪತ್ತು ಜನ ಒಂದೇ ಗುಂಪು,
ತೊರೆ ದಾಟಲು ನಿಂತ ದನಗಳ ಹಾಗೆ
ಮೊದಲ ಗೊರಸು ಇಡುವವರೇ ಇಲ್ಲ.

“ನಡೀತಿದ್ದಾರೆ ನೋಡ್ರೋ!” ಬೊಡಬೊಡ ಓಡಿಸುವ ಕೊಸ್ಗೆ,
“ಈ ಟೈಮು ನಾನೂ ಓಡ್ತೀನಿ.”
ಎಲ್ಲರೂ ನಕ್ಕರು.
ನಾನು ಯಾತೋರನ ಭುಜ ನೋಡುತ್ತಿದ್ದೆ.
ಎಷ್ಟು ಬೆಳಗು ನನ್ನ ಬೆನ್ನಿಗೆ ಮೂಗು ತಾಗಿಸಿ ಓಡಿದವನು!
ಎದುರುಗಾಳಿ ನನಗೆ, ಟೈಮು ಅವನಿಗೆ.
ಇಂದು ಅವನ ಮುಂದೆ ಯಾರ ಬೆನ್ನೂ ಇಲ್ಲ.
ಕಣ್ಣು ಮಾತ್ರ ಆಚೀಚೆ: ಯಾರ ಉಸಿರು ಒಡೆದಿದೆ,
ಯಾರು ನೀರಿನ ಬಾಟಲಿ ಕೈಬಿಟ್ಟರು,
ಆ ಎರಿಟ್ರಿಯದವನ ಎಡಗಾಲು ಯಾಕೆ ಸದ್ದು ಮಾಡುತ್ತಿದೆ.
ಗಡಿಯಾರದ ಜೊತೆ ಓಡುವವನಿಗೆ ಇದೆಲ್ಲ ಬೇಡ.
ಗಡಿಯಾರ ಸುಸ್ತಾದಂತೆ ನಟಿಸುವುದಿಲ್ಲ,
ತಿರುವಿನಲ್ಲಿ ಮೊಣಕೈ ಹಾಕುವುದಿಲ್ಲ.

ಮೂವತ್ತನೇ ಕಲ್ಲು ಬಂತು.
ಮೇಜಿನ ಕೆಳಗೆ ಅಷ್ಟು ಹೊತ್ತೂ ಕುಣಿಯುತ್ತಿದ್ದ ನನ್ನ ಪಾದ
ತಾನೇ ನಿಂತಿತು.
ಅಲ್ಲಿಂದಾಚೆಯ ದಾರಿ, ಹೊದಿಕೆ ಹೊದ್ದು
ವ್ಯಾನಿನ ಕಿಟಕಿಯಿಂದ ಕಂಡದ್ದಷ್ಟೇ.

ಎರಡು ಗಂಟೆ ಹದಿನಾಲ್ಕು ನಿಮಿಷ. ಯಾತೋರ್ ಗೆದ್ದ.
ನಾನು ಎಳೆದಿದ್ದರೆ ಹತ್ತು ನಿಮಿಷ ಮೊದಲೇ ಮುಗಿಯುತ್ತಿತ್ತು.
ಗೆಲ್ಲುವವನು ಬೇರೆ ಯಾರೋ ಆಗುತ್ತಿದ್ದ.

ಅವನು ಊರಿಗೆ ಬಂದಾಗ
ಸೋರೆಬುರುಡೆ ಬಗ್ಗಿಸಿ ಮುರ್ಸಿಕ್ ಕುಡಿಸುತ್ತಾರೆ.
ಹುಳಿಹಾಲು ಹಿಡಿದ ಅಜ್ಜಿಯರು
ಎಷ್ಟು ನಿಮಿಷ ಎಂದು ಕೇಳುವುದಿಲ್ಲ.
ಆದರೆ ನನ್ನ ಎರಡು ಹಸು, ತಗಡಿನ ಮಾಡು,
ಮಗಳು ಜೆಮೆಲಿಯ ಶಾಲೆ ಫೀಸು
ಸೆಕೆಂಡಿಗೆ ಸೆಕೆಂಡು ಕೂಡಿಸಿ ಕಟ್ಟಿದ್ದು.
ಅದನ್ನೂ ಹೇಳಬೇಕು.

ಲೋಟ ತೊಳೆಯುತ್ತ ಜೆರೊಬೊನ್ ಕೇಳಿದಳು:
“ನೀನು ಓಡುವಾಗ ಹಿಂದೆ ಎಷ್ಟು ಜನ ಇರ್ತಿದ್ರು?”
“ಎಲ್ಲರೂ.”
ಅವಳು ತಿರುಗಿ ನೋಡಿದಳು.
“ಎಲ್ಲರೂ. ಮೂವತ್ತನೇ ಕಲ್ಲಿನವರೆಗೆ.”

ಅಂಗಡಿ ಖಾಲಿಯಾಯಿತು. ಟೀವಿಯಲ್ಲಿ ಕೊನೆಯವನು
ಇನ್ನೂ ಬರುತ್ತಿದ್ದ, ಕಂಬ ಹಿಡಿದು, ಮತ್ತೆ ಬಿಟ್ಟು,
ಆ ನಾಲ್ಕನೆಯ ಕಾಲಿನಲ್ಲಿ.
ಅವನು ಮುಗಿಸುವವರೆಗೂ ಕೂತೆ.