ಶೇಕಡಾ ಅರವತ್ತು

ಮೊನ್ನೆ ಬರುತ್ತದೆಂದ ಗಾಳಿ ಬರಲಿಲ್ಲ.

ಶಾಲೆ ಮುಚ್ಚಿಸಿದ್ದೆ. ದೋಣಿಗಳನ್ನೆಲ್ಲ ದಡಕ್ಕೆ ಎಳೆಸಿದ್ದೆ.
ಹೆಲಿಕಾಪ್ಟರು ಕುಲುಸುಕ್‌ನಲ್ಲೇ ರೆಕ್ಕೆ ಕಟ್ಟಿಸಿಕೊಂಡು ಕೂತಿತ್ತು,
ಜೊತೆಗೆ ಈರುಳ್ಳಿ, ಟಪಾಲು, ಒಬ್ಬ ಹಲ್ಲಿನ ಡಾಕ್ಟರು.
ಕಿಟಕಿಗೆ ಹಲಗೆ ಬಡಿದು
ತಾಸಿಲಾಕ್ ಇಡೀ ರಾತ್ರಿ ಕಿವಿಗೊಟ್ಟು ಮಲಗಿತು.
ಬೆಳಗ್ಗೆ ನೋಡಿದರೆ
ತಂತಿಯ ಮೇಲಿನ ಕಾಲುಚೀಲ ಕೂಡ ಮಿಸುಕಿರಲಿಲ್ಲ.

ಅಂಗಡಿಯ ಬಿರ್ಥೆ ಚಿಲ್ಲರೆ ಎಣಿಸುತ್ತ ಅಂದಳು:
"ನಾಳೆ ಬಿಸಿಲು ಅಂತ ಹೇಳು ಇವಾಲು,
ಹಿಮ ತೆಗೆಯುವ ಸಲಿಕೆ ನಾಲ್ಕು ಖರ್ಚಾಗದೆ ಉಳಿದಿವೆ."

ಪಿತರಾಕ್ ಅನ್ನುತ್ತೇವೆ ಆ ಗಾಳಿಗೆ, ಮೇಲೆರಗುವಂಥದು.
ಹಿಮದ ದಿಬ್ಬದ ನೆತ್ತಿಯಿಂದ ಒಮ್ಮೆಗೇ ಜಾರಿ
ಛಾವಣಿಗಳನ್ನು ರೊಟ್ಟಿಯಂತೆ ಮಗುಚಿ ಹಾಕುತ್ತದೆ.
ಅದು ಬರುವ ದಾರಿ ನನಗೆ ಗೊತ್ತು ಎಂದುಕೊಂಡಿದ್ದೆ.
ಕಂಪ್ಯೂಟರು ಕೊಲ್ಲಿಯಲ್ಲಿ ಹಿಮಗಡ್ಡೆ ಇದೆಯೆಂದು ನಂಬಿತ್ತು;
ಕೊಲ್ಲಿಯಲ್ಲಿ ನೀರಿತ್ತು, ಜನವರಿಯ ನೀರು,
ಸ್ನಾನದ ಹಂಡೆಯಂತೆ ಹಬೆಯಾಡುತ್ತ.

ಅಜ್ಜನ ಕಾಲದಲ್ಲಿ ಯಾರೋ ಸೀಸದಕಡ್ಡಿಯಲ್ಲಿ ಬರೆದಿಟ್ಟ ಪಟ್ಟಿ ಇದೆ:
ಕೊಲ್ಲಿ ಹೆಪ್ಪುಗಟ್ಟಿದ ದಿನ, ಒಡೆದ ದಿನ, ವರ್ಷವರ್ಷಕ್ಕೂ.
ಕೆಲಸ ಮುಗಿದ ಮೇಲೆ ಅದಕ್ಕೆ ಹೊಸ ಸಾಲು ಸೇರಿಸುತ್ತೇನೆ.
ಸರಾಸರಿ ಎಂಬುದು
ಮನೆ ಬದಲಿಸಿ ಹೋದವರ ಹಳೇ ವಿಳಾಸ.
ಕಾಗದ ಬರೆಯುತ್ತಲೇ ಇದ್ದೇನೆ.

ಇವತ್ತು ಸಂಜೆ ಗಿದಿಯೋನ್ ಬಂದ, ಬೂಟು ಕುಟ್ಟುತ್ತ.
ಮೇಜಿನ ಮೇಲೆ ಒಂದು ಬಿಳಿ ಡಬ್ಬಿ ಇಟ್ಟ.
"ಸೀಲ್ ಹುಡುಕುತ್ತಿದ್ದೆ, ಇದು ಸಿಕ್ಕಿತು. ನಿನ್ನದೇನು?"
ನನ್ನದೇ. ಬಲೂನಿನೊಂದಿಗೆ ಆಕಾಶಕ್ಕೆ ಹೋಗಿದ್ದು.
ಸಾವಿರಾರು ಹಾರಿಸಿದ್ದೇವೆ,
ಒಂದೂ ತಿರುಗಿ ಬಂದು ಬಾಗಿಲು ತಟ್ಟಿದ್ದಿಲ್ಲ.
"ದಾರ ಇಟ್ಟುಕೊಂಡೆ," ಅಂದ, "ನಾಯಿಯ ಪಟ್ಟಿ ಹೊಲಿಯೋಕೆ ಆಯ್ತು.
ನಿನ್ನ ಹೆಸರೂ ಅದೇ ಅಲ್ಲವೆ, ನರದ ದಾರ?"

ಆಮೇಲೆ, ಹೊರಡುವವನಂತೆ ಎದ್ದು:
"ನಾಳೆ ಹೇಗೆ?"

ಗಂಟಲಲ್ಲಿ ಮೊನ್ನೆಯದು ಇನ್ನೂ ಸಿಕ್ಕಿಕೊಂಡಿತ್ತು.
"ಶೇಕಡಾ ಅರವತ್ತು," ಅಂದೆ, "ಗಾಳಿ."

ಅವನು ತುಂಬ ಹೊತ್ತು ಯೋಚಿಸಿದ.
"ಅರವತ್ತು ಅಂದರೆ, ದೋಣಿಯ ಯಾವ ತುದಿ ಕಟ್ಟಲಿ?"

"ಎರಡೂ."

"ಹಾಗಾದರೆ ಹಾಗೇ ಹೇಳಬಾರದೆ," ಎಂದು ಹೋದ.

ರಾತ್ರಿ ಬಲೂನು ಉಬ್ಬಿಸಿ ಕೈ ಬಿಟ್ಟೆ.
ಕೆಳಗೆ ಊರಿನ ನಾಯಿಗಳೆಲ್ಲ ಒಟ್ಟಿಗೆ ಸುಮ್ಮನಾದವು.
ನೆಟ್ಟಗೆ ಏರಿತು ಅದು, ಚರ್ಚಿನ ಎತ್ತರದವರೆಗೂ ನೆಟ್ಟಗೆ,
ಆಮೇಲೆ, ತುಸುವೇ,
ಕಡಲಿನತ್ತ ವಾಲಿತು.